ಅಪರೂಪದ ಸೂಪರ್‌ಕಾರು ಕೊಳ್ಳುವವರಿಗೆ: ಮೊದಲು ಕಾಗದ, ಆಮೇಲೆ ಕಾರು

ಓದುಗರಿಂದ ಮತ್ತೆ ಮತ್ತೆ ಒಂದೇ ಪ್ರಶ್ನೆ ಬರುತ್ತದೆ. ಕಾರಿನ ಹೆಸರು ಮಾತ್ರ ಬದಲಾಗುತ್ತದೆ: ಒಮ್ಮೆ ಲ್ಯಾಂಬೋರ್ಗಿನಿ ಹುರಾಕಾನ್, ಒಮ್ಮೆ ಫೆರಾರಿ 458, ಮತ್ತೊಮ್ಮೆ ಪೋರ್ಷೆ 911 ಜಿಟಿ3. ‘ದೆಹಲಿಯ ಡೀಲರ್ ಬಳಿ ಒಂದಿದೆ, ಬೆಂಗಳೂರಿನ ಬೆಲೆಗಿಂತ ಎಷ್ಟೋ ಕಡಿಮೆ. ತೆಗೆದುಕೊಳ್ಳಲೇ?’

ತೆಗೆದುಕೊಳ್ಳಬಹುದು. ಆದರೆ ಆ ಕಡಿಮೆ ಎಲ್ಲಿಂದ ಬಂತು ಎಂಬುದು ಮೊದಲು ತಿಳಿಯಬೇಕು. ನಮ್ಮ ದೇಶದಲ್ಲಿ ಒಂದೇ ವರ್ಷದ, ಒಂದೇ ಮಾದರಿಯ ಎರಡು ಸೂಪರ್‌ಕಾರುಗಳ ಬೆಲೆಯಲ್ಲಿ ದೊಡ್ಡ ಅಂತರವಿದ್ದರೆ, ಹತ್ತರಲ್ಲಿ ಎಂಟು ಸಲ ಅದಕ್ಕೆ ಕಾರಣ ಎಂಜಿನ್ ಅಲ್ಲ, ಕಾಗದ. ಯಾವ ರಾಜ್ಯದಲ್ಲಿ ತೆರಿಗೆ ಕಟ್ಟಿದ್ದಾರೆ, ಯಾರ ಹೆಸರಿನಲ್ಲಿ ಆಮದಾಗಿದೆ, ಯಾವ ಬ್ಯಾಂಕಿನ ಸಾಲ ಬಾಕಿಯಿದೆ ಎಂಬ ಸಂಗತಿಗಳು ಬಣ್ಣದ ಹೊಳಪಿನಲ್ಲಿ ಕಾಣುವುದಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ರೈತ ಎತ್ತಿನ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಆಮೇಲಷ್ಟೇ ದಲ್ಲಾಳಿಯ ಟವೆಲ್ಲಿನ ಕೆಳಗೆ ಕೈ ಇಡುತ್ತಾನೆ. ಮೂರು ಕೋಟಿಯ ಕಾರಿಗೆ ಫೋಟೋ ನೋಡಿಯೇ ಮುಂಗಡ ಕಳುಹಿಸುವವರನ್ನು ಕಂಡಾಗಲೆಲ್ಲ ನನಗೆ ಆ ರೈತ ನೆನಪಾಗುತ್ತಾನೆ.

ಹೊರಡುವ ಮೊದಲು ನಾಲ್ಕು ಸಿದ್ಧತೆಗಳಿರಲಿ. ಬೆಲೆಯ ಮೇಲೆ ಕನಿಷ್ಠ ಕಾಲು ಭಾಗದಷ್ಟು ಹೆಚ್ಚುವರಿ ಹಣ. ಆ ಬ್ರ್ಯಾಂಡಿನ ಕಾರುಗಳನ್ನು ಬಿಚ್ಚಿ ಜೋಡಿಸಿದ ಅನುಭವವಿರುವ, ಡೀಲರ್‌ಗೆ ಸಂಬಂಧವಿಲ್ಲದ ಮೆಕ್ಯಾನಿಕ್. ಲೆಕ್ಕಪರಿಶೋಧಕರ ಅಥವಾ ವಕೀಲರ ಒಂದು ಗಂಟೆ. ಮತ್ತು ಕಾರಿನ ಹೊಟ್ಟೆ ತಾಗದಂತೆ ಇಳಿಯಬಹುದಾದ ಪಾರ್ಕಿಂಗ್ ಜಾಗ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರು ಎಷ್ಟು ಕಡಿದಾಗಿದೆ ಎಂಬುದು ಕಾರು ಮನೆಗೆ ಬಂದ ರಾತ್ರಿಯೇ ಗೊತ್ತಾಗುತ್ತದೆ.

1. ಮಾರುವವರು ಯಾರೆಂದು ತಿಳಿಯಿರಿ

ಷೋರೂಮ್ ಒಂದೇ ರೀತಿ ಹೊಳೆದರೂ ಮಾರಾಟದ ಬಗೆ ಮೂರು.

ಮೊದಲನೆಯದು, ಕಂಪನಿಯೇ ಪರೀಕ್ಷಿಸಿ ಖಾತರಿ ಕೊಡುವ ಹಳೆಯ ಕಾರು. ಪೋರ್ಷೆ ಅಪ್ರೂವ್ಡ್, ಫೆರಾರಿ ಅಪ್ರೂವ್ಡ್, ಲ್ಯಾಂಬೋರ್ಗಿನಿಯ ಸೆಲೆಜಿಯೋನೆ ಈ ಬಗೆಯವು. ಪೋರ್ಷೆಯದು 111 ಅಂಶಗಳ ತಪಾಸಣೆ. ಬೆಲೆ ಹೆಚ್ಚು, ಆಯ್ಕೆ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ಎರಡನೆಯದು, ಸ್ವತಂತ್ರ ಡೀಲರ್ ತನ್ನ ಹಣ ಹಾಕಿ ಕೊಂಡು ನಿಲ್ಲಿಸಿದ ಕಾರು.

ಮೂರನೆಯದು, ವ್ಯಾಪಾರದ ಮಾತಿನಲ್ಲಿ ‘ಪಾರ್ಕ್ ಅಂಡ್ ಸೆಲ್’. ಕಾರು ಇನ್ನೂ ಹಳೆಯ ಮಾಲೀಕರದ್ದೇ; ಡೀಲರ್ ಅದನ್ನು ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡು ಕಮಿಷನ್‌ಗೆ ಮಾರುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಅಪರೂಪದ ಕಾರುಗಳು ಬಹುಪಾಲು ಹೀಗೆಯೇ ಕೈ ಬದಲಾಯಿಸುತ್ತವೆ. ಆದರೆ ನೀವು ಡೀಲರ್‌ಗೆ ಹಣ ಕೊಟ್ಟು, ಡೀಲರ್ ಮಾಲೀಕರಿಗೆ ಕೊಡದೆ ಹೋದರೆ ಕಾರು ನಿಮ್ಮದಾಗುವುದಿಲ್ಲ. ಆದ್ದರಿಂದ ನೇರವಾಗಿ ಕೇಳಿ: ‘ಈ ಕಾರು ನಿಮ್ಮದೋ, ಪಾರ್ಕ್ ಅಂಡ್ ಸೆಲ್‌ಗೆ ಬಂದದ್ದೋ?’

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿಯ ಪ್ರಕಾರ ಹಳೆಯ ವಾಹನಗಳ ಡೀಲರ್ ಸಾರಿಗೆ ಇಲಾಖೆಯ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು. ಮಾಲೀಕರು ಕಾರನ್ನು ಡೀಲರ್ ಕೈಗೆ ಒಪ್ಪಿಸಿದ್ದನ್ನು ನಮೂನೆ 29ಸಿ ಮೂಲಕ ತಿಳಿಸಬೇಕು. ಈ ಎರಡೂ ಕಾಗದ ತೋರಿಸಿ ಎಂದಾಗ ಬರುವ ಉತ್ತರದಿಂದಲೇ ಅಂಗಡಿಯ ಗುಣ ಅರ್ಧ ತಿಳಿಯುತ್ತದೆ.

ಇನ್ನೊಂದು ಮಾತು. ಒಂದೇ ಕಾರು ಮೂರು ಊರಿನ ಮೂವರು ಡೀಲರ್‌ಗಳ ಜಾಹೀರಾತಿನಲ್ಲಿ ಮೂರು ಬೆಲೆಗೆ ಕಾಣಿಸಿಕೊಳ್ಳುವುದುಂಟು. ಸೀಟಿನ ಹೊಲಿಗೆಯ ಬಣ್ಣ, ಚಕ್ರದ ಮೇಲಿನ ಗೀರು ಹೋಲಿಸಿದರೆ ಗುರುತು ಸಿಗುತ್ತದೆ. ಕಾರು ನಿಜವಾಗಿ ಯಾರ ಅಂಗಳದಲ್ಲಿ ನಿಂತಿದೆಯೋ ಅವರೊಡನೆ ಮಾತ್ರ ಮಾತಾಡಿ.

2. ಕಾರು ದೇಶದೊಳಗೆ ಹೇಗೆ ಬಂತು?

ಇದು ಅತಿ ಹೆಚ್ಚು ಜನ ಬಿಟ್ಟುಬಿಡುವ, ಅತಿ ಹೆಚ್ಚು ನಷ್ಟ ತರುವ ಹಂತ. ಹೊರಗೆ ತಯಾರಾಗಿ ಇಡಿಯಾಗಿ ಬರುವ ದುಬಾರಿ ಕಾರಿನ ಮೇಲಿನ ಆಮದು ಸುಂಕ ಕಾರಿನ ಮೂಲ ಬೆಲೆಯನ್ನೇ ಮೀರಿಸುವಷ್ಟಿದೆ. ಹಾಗಾಗಿ ಸುಂಕ ತಪ್ಪಿಸುವ ದಾರಿಗಳೂ ಹುಟ್ಟಿಕೊಂಡಿವೆ.

2021ರ ಜುಲೈಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ‘ಆಪರೇಷನ್ ಮಾಂಟೆ ಕಾರ್ಲೋ’ ನಡೆಸಿ, ರಾಜತಾಂತ್ರಿಕರ ಹೆಸರಿನಲ್ಲಿ ಸುಂಕ ವಿನಾಯಿತಿ ಪಡೆದು ಬೇರೆಯವರಿಗೆ ಕಾರು ಸೇರಿಸುತ್ತಿದ್ದ ಜಾಲವನ್ನು ಬಯಲಿಗೆಳೆಯಿತು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ, ಭೂತಾನಿನಿಂದ ಕಳ್ಳದಾರಿಯಲ್ಲಿ ಬಂದವೆಂಬ ಶಂಕೆಯ ಮೇಲೆ ಹತ್ತಾರು ವಾಹನಗಳನ್ನು ಜಪ್ತಿ ಮಾಡಿತು. ಹೆಸರಾಂತ ಚಿತ್ರನಟರ ಮನೆಗಳಲ್ಲೂ ಶೋಧ ನಡೆಯಿತು. ಆ ಕಾರ್ಯಾಚರಣೆಯ ಹೆಸರು ‘ನುಮ್‌ಖೋರ್’, ಭೂತಾನಿನ ಭಾಷೆಯಲ್ಲಿ ವಾಹನ ಎಂದರ್ಥ. ಬೆಲೆ ಕಡಿಮೆ ತೋರಿಸಿ ಸುಂಕ ಉಳಿಸುವುದು ಇನ್ನೊಂದು ಹಳೆಯ ಚಾಳಿ.

ಇಂಥ ಕಾರಿನ ಮೂರನೆಯ ಮಾಲೀಕರು ನೀವಾಗಿದ್ದರೂ ಕಾರು ಜಪ್ತಿಯಾಗುವುದು ನಿಮ್ಮ ಮನೆಯಂಗಳದಿಂದಲೇ. ‘ನನಗೆ ಗೊತ್ತಿರಲಿಲ್ಲ’ ಎನ್ನುವುದು ಕಾರನ್ನು ತಾನಾಗಿ ಬಿಡಿಸಿ ಕೊಡುವುದಿಲ್ಲ.

ಕೇಳಬೇಕಾದ ಕಾಗದಕ್ಕೆ ‘ಬಿಲ್ ಆಫ್ ಎಂಟ್ರಿ’ ಎಂದು ಹೆಸರು. ಕಾರು ಬಂದರಿನಲ್ಲಿ ಇಳಿದಾಗ ಆಮದುದಾರರು ಸುಂಕ ಇಲಾಖೆಗೆ ಸಲ್ಲಿಸುವ ಘೋಷಣೆ ಇದು. ಅದರಲ್ಲಿ ಚಾಸಿಸ್ ಸಂಖ್ಯೆ, ಘೋಷಿಸಿದ ಬೆಲೆ, ಕಟ್ಟಿದ ಸುಂಕ ಎಲ್ಲವೂ ಇರುತ್ತದೆ. ಅಧಿಕೃತ ಡೀಲರ್‌ನಿಂದ ಮೊದಲ ಮಾಲೀಕರು ಹೊಸದಾಗಿ ಕೊಂಡ ಕಾರಾಗಿದ್ದರೆ ಆ ಮೂಲ ಇನ್‌ವಾಯ್ಸ್ ಕೇಳಿ. ಖಾಸಗಿ ಆಮದು ಎಂದಾದರೆ ಬಿಲ್ ಆಫ್ ಎಂಟ್ರಿ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಅದನ್ನು ಸುಂಕ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ತಾಳೆ ನೋಡಲು ನಿಮ್ಮ ಲೆಕ್ಕಪರಿಶೋಧಕರಿಗೆ ಹೇಳಿ. ರಫ್ತು ಉತ್ತೇಜನದ ಯೋಜನೆಯಡಿ ಹೋಟೆಲ್ ಅಥವಾ ಪ್ರವಾಸಿ ಸಂಸ್ಥೆ ರಿಯಾಯಿತಿ ಸುಂಕದಲ್ಲಿ ತರಿಸಿದ ಕಾರುಗಳೂ ಇರುತ್ತವೆ. ಅವುಗಳ ಮಾರಾಟಕ್ಕೆ ಷರತ್ತುಗಳಿವೆ.

ದುಬೈಯಲ್ಲಿರುವ ನಮ್ಮವರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅಲ್ಲಿ ಅಗ್ಗಕ್ಕೆ ಸಿಗುವ ಕಾರಿನ ಸ್ಟೀರಿಂಗ್ ಎಡಗಡೆ ಇರುತ್ತದೆ. ಭಾರತಕ್ಕೆ ಆಮದಾಗುವ ಹಳೆಯ ಕಾರಿನ ಸ್ಟೀರಿಂಗ್ ಬಲಗಡೆಯೇ ಇರಬೇಕು, ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ‘ಬಲಕ್ಕೆ ಬದಲಾಯಿಸಿ ಕೊಡುತ್ತೇವೆ’ ಎನ್ನುವವರ ಕಾರನ್ನು ಮುಟ್ಟಲೇಬೇಡಿ.

3. ನೋಂದಣಿ ಮತ್ತು ತೆರಿಗೆ

ದೆಹಲಿಯ ಬೆಲೆ ಏಕೆ ಕಡಿಮೆ ಎಂಬ ಮೂಲ ಪ್ರಶ್ನೆಗೆ ಉತ್ತರ ಈ ಹಂತದಲ್ಲಿದೆ.

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೇಲ್ಪಟ್ಟ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. ಸೆಸ್ ಸೇರಿದರೆ ಹತ್ತಿರ ಹತ್ತಿರ ಶೇ 20. ಐದು ಕೋಟಿಯ ಕಾರಿಗೆ ಒಂದು ಕೋಟಿ ತೆರಿಗೆ ಎಂದಾಯಿತು. ಇದನ್ನು ತಪ್ಪಿಸಲು ಪುದುಚೇರಿ, ಜಾರ್ಖಂಡ್ ಕಡೆ ನೋಂದಣಿ ಮಾಡಿಸಿದ ಕಾರುಗಳು ಬೆಂಗಳೂರಿನ ರಸ್ತೆಗಳಲ್ಲಿ ಬೇಕಾದಷ್ಟಿದ್ದವು. 2025ರ ಫೆಬ್ರುವರಿಯಲ್ಲಿ ನಮ್ಮ ಸಾರಿಗೆ ಇಲಾಖೆ ಒಂದೇ ಕಾರ್ಯಾಚರಣೆಯಲ್ಲಿ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಎಸ್‌ಎಫ್90 ಸ್ಟ್ರಾಡೇಲ್ ಒಂದರ ಮಾಲೀಕರು ತೆರಿಗೆ ಮತ್ತು ದಂಡವೆಂದು ಸುಮಾರು 1.42 ಕೋಟಿ ರೂಪಾಯಿ ಕಟ್ಟಿ ಕಾರು ಉಳಿಸಿಕೊಂಡರು.

ಹೊರರಾಜ್ಯದ ಕಾರನ್ನು ಇಲ್ಲಿ ತಂದು ನೋಂದಾಯಿಸುವಾಗ ತೆರಿಗೆಯ ಲೆಕ್ಕ ಹಾಕುವುದು ನೀವು ಡೀಲರ್‌ಗೆ ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ; ವಯಸ್ಸಿಗೆ ತಕ್ಕ ಕಡಿತ ಮಾತ್ರ ಸಿಗುತ್ತದೆ. ಐದು ಕೋಟಿಯ ಕಾರು ನಿಮಗೆ ಎರಡೂವರೆ ಕೋಟಿಗೆ ಸಿಕ್ಕಿತೆಂದು ತೆರಿಗೆಯೂ ಅರ್ಧವಾಗುವುದಿಲ್ಲ. ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ಮರಳಿ ಕೇಳಬಹುದು ನಿಜ, ಆದರೆ ಅದನ್ನು ಕೇಳುವುದು ಹಳೆಯ ಮಾಲೀಕರ ಮರ್ಜಿ ಮತ್ತು ಆ ಕಚೇರಿಯ ನಿಧಾನ ಎರಡಕ್ಕೂ ಬಿಟ್ಟದ್ದು. ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ. ಹೀಗೆ ಕೂಡಿಸಿ ನೋಡಿದರೆ ದೆಹಲಿಯ ಅಗ್ಗದ ಕಾರು ಎಷ್ಟೋ ಸಲ ಬೆಂಗಳೂರಿನ ‘ದುಬಾರಿ’ ಕಾರಿನ ಬೆಲೆಯನ್ನೇ ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧವಿರುವುದೂ ಅಲ್ಲಿಯ ಹಳೆಯ ಲ್ಯಾಂಬೋರ್ಗಿನಿ ಗಲಾರ್ಡೊಗಳ ಬೆಲೆ ಇಳಿಯಲು ಒಂದು ಕಾರಣ.

ಡೀಲರ್ ಕಡೆಯಿಂದ ಒಂದು ಮಾತು ಬಂದೇ ಬರುತ್ತದೆ: ‘ಒಂದು ವರ್ಷ ಹೀಗೇ ಓಡಿಸಿ, ಆಮೇಲೆ ನೋಡೋಣ.’ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟ ವಾಹನಕ್ಕೆ ಹೊಸ ನೋಂದಣಿ ಬೇಕೆನ್ನುತ್ತದೆ. ಅದರ ಅರೆಬರೆ ಓದು ಇದು. ಕಾರು ನಿಮ್ಮ ಹೆಸರಿಗೆ ಬರಬೇಕಾದರೆ ನಿಮ್ಮ ವಿಳಾಸ ಬೇಕು. ನೀವಿರುವುದು ಮೈಸೂರಿನಲ್ಲಾದರೆ ಕಾರೂ ಕರ್ನಾಟಕಕ್ಕೇ ಬರಬೇಕು. ‘ಹಳೆಯವರ ಹೆಸರಿನಲ್ಲೇ ಇರಲಿ’ ಎಂದರೆ ಕೋಟಿ ಕೊಟ್ಟು ಬೇರೆಯವರ ಕಾರು ಓಡಿಸಿದಂತೆ. ‘ಪುದುಚೇರಿಯಲ್ಲಿ ಬಾಡಿಗೆ ಕರಾರು ಮಾಡಿಸಿಕೊಡುತ್ತೇವೆ’ ಎಂದರೆ ಅದು ಸುಳ್ಳು ದಾಖಲೆ, ಸಹಿ ನಿಮ್ಮದು.

ಈ ಹಂತದಲ್ಲಿ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. ಮಾಲೀಕರ ಕ್ರಮಸಂಖ್ಯೆ, ವಿಮೆಯ ಅವಧಿ, ಬಾಕಿ ದಂಡಗಳು, ಹೈಪೋಥಿಕೇಷನ್, ಅಂದರೆ ಸಾಲಕ್ಕೆ ಕಾರು ಅಡವಿದೆಯೇ ಎಂಬುದು ತಿಳಿಯುತ್ತದೆ. ಅಡವಿದ್ದರೆ ಬ್ಯಾಂಕಿನ ಸಾಲ ತೀರಿದ ಪತ್ರ ಮತ್ತು ನಮೂನೆ 35 ಬೇಕು. ಕಾರು ಕಂಪನಿಯೊಂದರ ಹೆಸರಿನಲ್ಲಿದ್ದರೆ ಮಾರಾಟಕ್ಕೆ ಒಪ್ಪಿದ ಆಡಳಿತ ಮಂಡಳಿಯ ನಿರ್ಣಯದ ಪ್ರತಿಯನ್ನೂ ಕೇಳಿ.

4. ಅಪರೂಪವೆಂದರೆ ನಿಜಕ್ಕೂ ಅಪರೂಪವೇ?

‘ದೇಶಕ್ಕೆ ಇದೊಂದೇ ಸಾರ್’ ಎಂಬ ಮಾತಿಗೆ ಹಣ ಕೊಡಬೇಡಿ, ಸಂಖ್ಯೆಗೆ ಕೊಡಿ. ಚಾಸಿಸ್ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಫೆರಾರಿಯದು ‘ಝಡ್‌ಎಫ್‌ಎಫ್’ ಎಂದೂ ಲ್ಯಾಂಬೋರ್ಗಿನಿಯದು ‘ಝಡ್‌ಎಚ್‌ಡಬ್ಲ್ಯು’ ಎಂದೂ ಮೆಕ್‌ಲಾರೆನ್‌ನದು ‘ಎಸ್‌ಬಿಎಂ’ ಎಂದೂ ಆರಂಭವಾಗುತ್ತದೆ. ಗಾಜಿನ ಮೂಲೆ, ಚಾಸಿಸ್, ಆರ್‌ಸಿ, ಮೂಲ ಇನ್‌ವಾಯ್ಸ್ ನಾಲ್ಕರಲ್ಲೂ ಒಂದೇ ಸಂಖ್ಯೆ ಇರಬೇಕು. ಅದನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಟ್ಟು ಕಾರು ಕಾರ್ಖಾನೆಯಿಂದ ಯಾವ ಬಣ್ಣ, ಯಾವ ಸೀಟು, ಯಾವ ಬ್ರೇಕಿನೊಂದಿಗೆ ಹೊರಟಿತೆಂದು ವಿಚಾರಿಸಿ. ಮೇಲಿನ ಮಾದರಿಯ ಬಂಪರ್, ರೆಕ್ಕೆ, ಲಾಂಛನ ಅಂಟಿಸಿದ ಸಾಧಾರಣ ಮಾದರಿಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ. ಇಪ್ಪತ್ತು ವರ್ಷ ದಾಟಿದ ಫೆರಾರಿಗಳಿಗೆ ಕಂಪನಿಯ ಕ್ಲಾಸಿಕೆ ವಿಭಾಗ ಕೊಡುವ ಪ್ರಮಾಣಪತ್ರವಿದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡುವುದು ನ್ಯಾಯವೇ.

5. ತಪಾಸಣೆ

ಕಾರನ್ನು ಅಧಿಕೃತ ವರ್ಕ್‌ಶಾಪಿನ ಲಿಫ್ಟ್ ಮೇಲೆ ಏರಿಸಿ ನೋಡಲು ಡೀಲರ್ ಒಪ್ಪದಿದ್ದರೆ ಕಾಫಿ ಕುಡಿದು ಹೊರಟುಬಿಡಿ. ಒಪ್ಪಿದರೆ ಖರ್ಚು ನಿಮ್ಮದೇ ಇರಲಿ, ವರದಿಯೂ ನಿಮ್ಮ ಕೈಗೇ ಬರಲಿ.

ಮೈಬಣ್ಣ. ಬಣ್ಣದ ದಪ್ಪ ಅಳೆಯುವ ಮೀಟರ್ ಒಯ್ಯಿರಿ, ಆದರೆ ಅದು ಅಲ್ಯೂಮಿನಿಯಂ ಮೇಲೂ ಅಳೆಯುವಂಥದ್ದಾಗಿರಲಿ. ಉಕ್ಕಿಗೆ ಮಾತ್ರ ಸ್ಪಂದಿಸುವ ಅಗ್ಗದ ಮೀಟರ್ ಈ ಕಾರುಗಳ ಮೇಲೆ ಮೂಕವಾಗುತ್ತದೆ. ಕಾರ್ಬನ್ ಫೈಬರ್ ಭಾಗಗಳಿಗೆ ಮೀಟರ್ ನಡೆಯುವುದಿಲ್ಲ, ಕಣ್ಣೇ ಗತಿ. ಬಣ್ಣ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್, ಅಂದರೆ ಪಿಪಿಎಫ್, ತಾನೇ 150ರಿಂದ 200 ಮೈಕ್ರಾನ್ ದಪ್ಪವಿರುತ್ತದೆ. ಮೀಟರ್ 300 ತೋರಿಸಿತೆಂದು ಮರುಬಣ್ಣದ ಕಾರು ಎಂದು ಕೂಗಾಡಬೇಡಿ. ಫಿಲ್ಮ್ ಇಲ್ಲದ ಬಾಗಿಲ ಒಳಂಚಿನಲ್ಲಿ ಅಳೆದು ನೋಡಿ.

ಹೊಟ್ಟೆ. ನಮ್ಮ ರಸ್ತೆ ಉಬ್ಬುಗಳ ಆಣೆ, ಅಡಿಯಲ್ಲಿ ಗೀರಿಲ್ಲದ ಸೂಪರ್‌ಕಾರು ಓಡಿಯೇ ಇಲ್ಲ. ಗೀರು ಬೇರೆ, ಬಿರುಕು ಬೇರೆ. ಮೆಕ್‌ಲಾರೆನ್‌ನಂತೆ ಜನ ಕೂರುವ ನಡುವಿನ ತೊಟ್ಟಿಯೇ ಕಾರ್ಬನ್ ಫೈಬರ್‌ನದಾದರೆ ಅದರ ಬಿರುಕು ಕಾರಿನ ಕೊನೆ. ಮುಂಭಾಗ ಎತ್ತುವ ಲಿಫ್ಟ್ ವ್ಯವಸ್ಥೆ ಇದ್ದರೆ ಹತ್ತು ಸಲ ಎತ್ತಿ ಇಳಿಸಿ, ಎಣ್ಣೆ ಸೋರುತ್ತದೆಯೇ ನೋಡಿ.

ನೀರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಶ್ರೀಮಂತ ಬಡಾವಣೆಗಳ ಅಂಗಳದಲ್ಲಿ ಐಷಾರಾಮಿ ಕಾರುಗಳು ಮುಳುಗಿ ನಿಂತದ್ದನ್ನು ದೇಶವೇ ನೋಡಿತು. 2015ರಲ್ಲಿ ಚೆನ್ನೈಯಲ್ಲೂ ಹಾಗೇ ಆಗಿತ್ತು. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ, ಕೊನೆಯ ಒಂದಡಿಯಲ್ಲಿ ಮಣ್ಣಿನ ಕಲೆ ಉಳಿದಿರುತ್ತದೆ. ಕಾರ್ಪೆಟ್ ಎತ್ತಿಸಿ, ಸೀಟಿನ ಬೋಲ್ಟ್‌ಗಳ ತುಕ್ಕು ನೋಡಿ.

ಕ್ಲಚ್ ಮತ್ತು ಗೇರು. ಹಳೆಯ ಗಲಾರ್ಡೊದ ಇ-ಗೇರ್, ಫೆರಾರಿ ಎಫ್430ರ ಎಫ್1 ಗೇರ್‌ಬಾಕ್ಸ್‌ಗಳು ಒಂದೇ ಕ್ಲಚ್ಚನ್ನು ಯಂತ್ರವೇ ಒತ್ತಿ ಬಿಡುವ ಬಗೆಯವು. ಸಿಲ್ಕ್ ಬೋರ್ಡ್ ಬಳಿಯ ಸಂಜೆಯ ದಟ್ಟಣೆಯಲ್ಲಿ ತೆವಳಿದರೆ ಇವು ಬೇಗ ಸವೆಯುತ್ತವೆ. ಎಷ್ಟು ಸವೆದಿದೆ ಎಂಬುದನ್ನು ಕಂಪನಿಯ ತಪಾಸಣಾ ಯಂತ್ರ ಶೇಕಡಾವಾರು ಲೆಕ್ಕದಲ್ಲಿ ತೋರಿಸುತ್ತದೆ, ಅದರ ಮುದ್ರಿತ ಪ್ರತಿ ಕೇಳಿ. 458 ಮತ್ತು ಹುರಾಕಾನ್‌ಗಳಲ್ಲಿ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇದೆ. ಬಾಳಿಕೆ ಹೆಚ್ಚು, ಕೆಟ್ಟರೆ ದುರಸ್ತಿಯ ಬಿಲ್ಲೂ ಹೆಚ್ಚು.

ಎಂಜಿನ್. ನೀವು ಬರುವ ಮೊದಲೇ ಬಿಸಿ ಮಾಡಿಡಬೇಡಿ ಎಂದು ಮೊದಲೇ ಹೇಳಿ. ತಣ್ಣಗಿದ್ದಾಗ ಚಾಲೂ ಆಗುವ ಸದ್ದಿನಲ್ಲೇ ಬಹಳಷ್ಟು ತಿಳಿಯುತ್ತದೆ. ಪೋರ್ಷೆಗಳ ಕಂಪ್ಯೂಟರಿನಲ್ಲಿ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆ ಆರು ಶ್ರೇಣಿಗಳಲ್ಲಿ ಉಳಿಯುತ್ತದೆ. ಮೇಲಿನ ಶ್ರೇಣಿಗಳಲ್ಲಿ ಇತ್ತೀಚಿನ ಗಂಟೆಗಳ ದಾಖಲೆಯಿದ್ದರೆ ಬೇಡವೆನ್ನಿ, ಮ್ಯಾನುಯಲ್ ಗೇರಿನ ಕಾರಾದರಂತೂ ಖಂಡಿತ. ಹಿಂಪಡೆತಗಳ ಬಗ್ಗೆಯೂ ಕೇಳಿ. 2014ರಲ್ಲಿ ಪೋರ್ಷೆ 785 ಜಿಟಿ3 ಕಾರುಗಳ ಎಂಜಿನ್ ಬದಲಾಯಿಸಿತು. 2010ರಲ್ಲಿ 458ರ ಚಕ್ರದ ಕಮಾನಿನ ಅಂಟು ಬಿಸಿಗೆ ಹೊತ್ತಿಕೊಳ್ಳುತ್ತದೆಂದು ಫೆರಾರಿ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಿತು. ನಿಮ್ಮ ಕಾರಿಗೆ ಆ ಕೆಲಸ ಆಗಿದೆಯೇ ಎಂಬುದು ಚಾಸಿಸ್ ಸಂಖ್ಯೆಯಿಂದ ತಿಳಿಯುತ್ತದೆ.

ಬ್ರೇಕ್, ಟಯರ್. ಕಾರ್ಬನ್ ಸೆರಾಮಿಕ್ ಬ್ರೇಕ್ ತಟ್ಟೆಯ ಸವೆತವನ್ನು ದಪ್ಪಕ್ಕಿಂತ ತೂಕದಿಂದ ಅರಿಯುವುದು ವಾಡಿಕೆ. ಕನಿಷ್ಠ ತೂಕವನ್ನು ತಟ್ಟೆಯ ಮೇಲೆಯೇ ಅಚ್ಚೊತ್ತಿರುತ್ತಾರೆ. ನಾಲ್ಕನ್ನೂ ಬದಲಾಯಿಸುವ ಖರ್ಚು ಮಧ್ಯಮ ಗಾತ್ರದ ಒಂದು ಹೊಸ ಕಾರಿನ ಬೆಲೆ. ಟಯರಿನ ಬದಿಯ ನಾಲ್ಕು ಅಂಕಿಗಳನ್ನು ಓದಿ: 3519 ಎಂದಿದ್ದರೆ 2019ರ 35ನೇ ವಾರದ್ದು. ಪದರ ಎಷ್ಟೇ ಉಳಿದಿದ್ದರೂ ಅದು ಎಸೆಯುವ ಟಯರ್.

ಒಳಗೆ. ಎಫ್430, 458 ಕಾಲದ ಫೆರಾರಿಗಳ ಗುಂಡಿಗಳ ಮೇಲಿನ ಮೆತ್ತನೆಯ ಲೇಪನ ಬಿಸಿಲಿಗೆ ಕರಗಿ ಬೆಲ್ಲದ ಪಾಕದಂತೆ ಅಂಟುತ್ತದೆ. ಮಂಗಳೂರಿನಂಥ ಸೆಕೆಯ ಊರಿನಲ್ಲಂತೂ ಕೇಳುವುದೇ ಬೇಡ. ದೋಷ ದೊಡ್ಡದಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ.

ಇಷ್ಟೆಲ್ಲದರ ನಡುವೆ ಮರೆಯಬಾರದ ಇನ್ನೊಂದು ವಿಷಯವಿದೆ. ಕಡಿಮೆ ಓಡಿದ ಕಾರೇ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸಲ್ಲದು. ಎಂಟು ವರ್ಷದಲ್ಲಿ 3,000 ಕಿಲೋಮೀಟರ್ ಓಡಿದ ಕಾರಿನ ರಬ್ಬರ್ ಒಣಗಿ, ಪೆಟ್ರೋಲ್ ಕೆಟ್ಟು, ಬ್ಯಾಟರಿ ಸತ್ತಿರುತ್ತದೆ. ವರ್ಷಕ್ಕೊಮ್ಮೆ ತಪ್ಪದೆ ಸರ್ವಿಸ್ ಕಂಡ, 20,000 ಓಡಿದ ಕಾರನ್ನೇ ನಾನಾದರೆ ಆರಿಸುತ್ತೇನೆ.

6. ಹಣ ಕೊಡುವಾಗ

ನಗದಿನ ಮಾತೇ ಬೇಡ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ‘ಅರ್ಧ ಬಿಳಿ, ಅರ್ಧ ನಗದು’ ಎಂದರೆ ನಾಳೆ ಜಗಳವಾದಾಗ ನಿಮ್ಮ ಬಳಿ ಅರ್ಧಕ್ಕಷ್ಟೇ ಸಾಕ್ಷಿ. ಹತ್ತು ಲಕ್ಷ ಮೀರಿದ ಕಾರಿಗೆ ಡೀಲರ್ ಶೇ 1 ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬಹುದು. ಮೂರು ಕೋಟಿಗೆ ಮೂರು ಲಕ್ಷ. ಅದು ಖರ್ಚಲ್ಲ, ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಿ. ಡೀಲರ್ ಸ್ವಂತ ದಾಸ್ತಾನಿನ ಕಾರು ಮಾರಿದರೆ 18 ಶೇಕಡಾ ಜಿಎಸ್‌ಟಿ ಅವರ ಲಾಭಾಂಶದ ಮೇಲೆ ಮಾತ್ರ. ಇಡೀ ಬೆಲೆಯ ಮೇಲೆ ಲೆಕ್ಕ ಹಾಕಿ ತೋರಿಸಿದರೆ ಪ್ರಶ್ನಿಸಿ.

ಮುಂಗಡ ಸಣ್ಣದಿರಲಿ. ತಪಾಸಣೆಯಲ್ಲಿ ದೋಷ ಕಂಡರೆ, ಎನ್‌ಒಸಿ, ಅಂದರೆ ಹಳೆಯ ರಾಜ್ಯದ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಇಂತಿಷ್ಟು ದಿನದೊಳಗೆ ಬಾರದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂದು ಬರಹದಲ್ಲಿರಲಿ. ಪಾರ್ಕ್ ಅಂಡ್ ಸೆಲ್ ಆಗಿದ್ದರೆ ಡೀಲರ್, ಮಾಲೀಕರು, ನೀವು ಮೂವರೂ ಸಹಿ ಹಾಕುವ ಕರಾರು ಮಾಡಿಸಿ, ಹಣದ ದೊಡ್ಡ ಪಾಲು ನೇರವಾಗಿ ಮಾಲೀಕರ ಖಾತೆಗೇ ಹೋಗಲಿ. ಅಡವಿದ್ದ ಕಾರಾದರೆ ಸಾಲದ ಮೊತ್ತ ಬ್ಯಾಂಕಿಗೇ ಹೋಗಲಿ. ಕೊನೆಯ ಕಂತನ್ನು ವರ್ಗಾವಣೆಯ ಕಾಗದಗಳು ಕೈಗೆ ಬರುವವರೆಗೆ ಹಿಡಿದಿಡಿ. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೂ ಇರುವುದಿಲ್ಲ, ಡೀಲರ್‌ಗೂ ಅಷ್ಟೇ.

7. ವರ್ಗಾವಣೆ, ವಿಮೆ, ಸಾಗಣೆ

ಹೊರರಾಜ್ಯದ ಕಾರಿಗೆ ನಮೂನೆ 28 ಎಂದರೆ ಎನ್‌ಒಸಿ. ಮಾಲೀಕತ್ವ ಬದಲಿಗೆ 29 ಮತ್ತು 30, ಹೊಸ ರಾಜ್ಯದ ಸಂಖ್ಯೆಗೆ 27. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಖಾಲಿ ನಮೂನೆಗಳ ಮೇಲೆ ಸಹಿ ಹಾಕಿಸಿ ‘ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಏಜೆಂಟರಿಗೆ ಹೂಂಗುಟ್ಟಬೇಡಿ.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಹೆಸರು ಬದಲಾಗದೆ ಕಾರು ಗೋಡೆಗೆ ಗುದ್ದಿದರೆ ಕಾರಿನ ಹಾನಿಯ ಪರಿಹಾರ ಸಿಗುವುದು ಕಷ್ಟ. ಹಳೆಯ ಮಾಲೀಕರ ಕ್ಲೇಮ್ ಇಲ್ಲದ ರಿಯಾಯಿತಿ ಅವರ ಜತೆಗೇ ಹೋಗುತ್ತದೆ, ಕಾರಿನ ಜತೆ ಬರುವುದಿಲ್ಲ. ಆದ್ದರಿಂದ ಕಂತು ಏರುತ್ತದೆ. ಐಡಿವಿ, ಅಂದರೆ ಕಾರು ಪೂರ್ತಿ ನಾಶವಾದರೆ ಕಂಪನಿ ಕೊಡುವ ಮೊತ್ತ, ನೀವು ಕೊಟ್ಟ ಬೆಲೆಗೆ ಹತ್ತಿರವಿದೆಯೇ ನೋಡಿ. ಅಪರೂಪದ ಕಾರುಗಳ ಪೇಟೆಬೆಲೆ ಏರಿದ್ದರೂ ಹಳೆಯ ಪಾಲಿಸಿಯಲ್ಲಿ ಐಡಿವಿ ವರ್ಷ ವರ್ಷ ಇಳಿದುಕೊಂಡೇ ಬಂದಿರುತ್ತದೆ.

ದೆಹಲಿಯಿಂದ ಬೆಂಗಳೂರಿಗೆ ಕಾರನ್ನು ಓಡಿಸಿಕೊಂಡು ಬರುವ ಆಸೆ ಇದ್ದರೆ ಅದುಮಿಡಿ. ಮುಚ್ಚಿದ ಲಾರಿಯಲ್ಲಿ, ಸಾಗಣೆಯ ಪ್ರತ್ಯೇಕ ವಿಮೆ ಮಾಡಿಸಿ ತರಿಸಿ. ಲಾರಿ ಏರುವ ಮೊದಲು ಮತ್ತು ಇಳಿದ ಮೇಲೆ ಸುತ್ತಲೂ ವಿಡಿಯೊ ತೆಗೆಯಿರಿ. ಎರಡೂ ಕೀಲಿ, ಮಾಲೀಕರ ಕೈಪಿಡಿ, ಸರ್ವಿಸ್ ಪುಸ್ತಕ, ಬ್ಯಾಟರಿ ಚಾರ್ಜರ್, ಟಯರ್ ರಿಪೇರಿ ಕಿಟ್ ಎಣಿಸಿಕೊಳ್ಳಿ. ಎರಡನೆಯ ಕೀಲಿ ‘ಆಮೇಲೆ ಕೊರಿಯರ್ ಮಾಡುತ್ತೇವೆ’ ಎಂದರೆ ಕೀಲಿ ಬರುವವರೆಗೆ ಕೊನೆಯ ಕಂತೂ ನಿಮ್ಮಲ್ಲೇ ಇರಲಿ.